ಅಣು ಸಂಘಗಳ ಸಹಕಾರವೂ ನನ್ನ ಸಿಟ್ಟೂ

ಸಂಘದ ಮೀಟಿಂಗಿಗೆ ಹೋಗುವಾಗಲೆಲ್ಲ, ಇವತ್ತು ಯಾರ ಮೇಲೂ ರೇಗಬಾರದು ಅಂದುಕೊಂಡೇ ಹೊರಡುತ್ತೇನೆ. ಆದರೆ ರೇಗಿಸುವಂಥದ್ದೊಂದು ನನಗಿಂತ ಮುಂಚೆಯೇ ಬಂದು ಅಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತದೆ.

ನನ್ನ ಕೆಲಸ ನಂಜನಗೂಡಿನ ಪಕ್ಕದ ತಾಂಡ್ಯದಲ್ಲಿ. ಕಬ್ಬಿಣದ ಪೈಪುಗಳ ಬೆಸುಗೆಯನ್ನು ವಿಕಿರಣ ಹಾಯಿಸಿ ಪರೀಕ್ಷೆ ಮಾಡುವ ಕಂಪನಿ. ಆ ವಿಕಿರಣ ಯಾರಿಗೂ ತಗುಲದಂತೆ ನೋಡಿಕೊಳ್ಳುವವಳು ನಾನು. ಅಣುವಿಜ್ಞಾನದ ಕಸುಬಿನವರದ್ದೊಂದು ಸಂಘವಿದೆ. ಅದರ ನಮ್ಮ ಕಡೆಯ ಶಾಖೆಗೆ ನಾನೇ ಕಾರ್ಯದರ್ಶಿ. ಬೇರೆ ದೇಶಗಳ ಇಂಥವೇ ಸಂಘಗಳ ಜೊತೆ ನಮಗೆ ಸಹಕಾರ ಇದೆ. ಆ ಸಹಕಾರದಿಂದ ನನಗೆ ಬಂದದ್ದು ಬಿ.ಪಿ.

೧. ಪೇಟ

ಒಪ್ಪಂದಕ್ಕೆ ಸಹಿ ಹಾಕುವ ಸಮಾರಂಭ, ನಂಜನಗೂಡಿನ ಕಲ್ಯಾಣ ಮಂಟಪವೊಂದರಲ್ಲಿ. ವಿದೇಶದ ಸಂಘದ ಅಧ್ಯಕ್ಷೆ ಬಂದಿದ್ದರು. ರಿಯಾಕ್ಟರುಗಳ ವಿನ್ಯಾಸ ಮಾಡುತ್ತಲೇ ತಲೆ ಬೆಳ್ಳಗಾದ ಹೆಂಗಸು. ಹಂಗೇ ದೇವಸ್ಥಾನವನ್ನೂ ನೋಡಿಕೊಂಡು ಹೋಗೋಣ ಅಂತ ಅವರ ಗಂಡನೂ ಬಂದಿದ್ದರು.

ನಮ್ಮ ಶಾಖೆಯ ಅಧ್ಯಕ್ಷರು ಸೀದಾ ಹೋಗಿ ಆ ಗಂಡನ ಕೈ ಹಿಡಿದು ವೇದಿಕೆಗೆ ಕರೆದೊಯ್ದರು. ಮೈಸೂರು ಪೇಟ ತೊಡಿಸಿದರು, ಹಾರ ಹಾಕಿದರು, ಕೈಗೆ ಪೆನ್ನನ್ನೂ ಕೊಟ್ಟರು. ಆಕೆ ಕೆಳಗೆ, ಹೆಂಗಸರ ಸಾಲಿನಲ್ಲಿ.

ನಾನು ಮೆಟ್ಟಿಲ ಹತ್ತಿರ ಓಡಿ, "ಸಾರ್, ಅಧ್ಯಕ್ಷರು ಇವರಲ್ಲ, ಇವರ ಹೆಂಡ್ತಿ!" ಅಂದೆ.

"ಕೂಗ್ಬೇಡ ಕಣಮ್ಮ, ಮೇಡಂಗೂ ಅರಿಶಿನ ಕುಂಕುಮ ತರಿಸಿದೀವಿ."

ಮೈ ಉರಿದು ಹೋಯಿತು. ಅಷ್ಟರಲ್ಲಿ ಮೈಕು ಗಂಡನ ಕೈಗೆ ಬಂದಿತ್ತು. ಆತ ಪೇಟ ಸರಿಮಾಡಿಕೊಂಡು, ಕಣ್ಣೊರೆಸಿಕೊಂಡು ಇಂಗ್ಲಿಷಿನಲ್ಲಿ ಹೇಳಿದರು: "ನಾನು ನಾಯಿಗಳ ಡಾಕ್ಟರು. ನಮ್ಮೂರಲ್ಲಿ ಯಾರೂ ಈ ಕಸುಬಿಗೆ ಇಷ್ಟು ಮರ್ಯಾದೆ ಕೊಟ್ಟಿಲ್ಲ."

ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವರು ನಮ್ಮ ಅಧ್ಯಕ್ಷರು.

೨. ಸೊಸೈಟಿ

ಒಂದು ಭಾನುವಾರ ತಿ. ನರಸೀಪುರದ ನಮ್ಮ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ. ಎಲ್ಲ ದೇಶಗಳ ಸಂಘಗಳೂ ಸೇರಿದ ಆನ್‌ಲೈನ್ ಮೀಟಿಂಗು. ನಮ್ಮ ಕೆಲಸಗಾರರಿಗೆ ತರಬೇತಿ ಯಾವಾಗ ಅಂತ ಕೇಳಲು ಕೈಯೆತ್ತಿ ಕಾಯುತ್ತಿದ್ದೇನೆ. ಅವರೋ, ಜಂಟಿ ಹೇಳಿಕೆಯಲ್ಲಿ 'ಸಹಕರಿಸುತ್ತೇವೆ' ಅನ್ನಬೇಕೋ 'ಸಹಕರಿಸಲು ಇಚ್ಛಿಸುತ್ತೇವೆ' ಅನ್ನಬೇಕೋ ಅಂತ ಗುದ್ದಾಡುತ್ತಿದ್ದಾರೆ. ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ನಮ್ಮತ್ತೆ ಎದ್ದು ಬಂದರು.

"ಯಾಕವ್ವ, ಇವ್ರೆಲ್ಲ ಇಂಗೆ ಕಿತ್ತಾಡ್ತಾವ್ರೆ?"

"ಕಿತ್ತಾಟ ಅಲ್ಲ ಅತ್ತೆ, ನಮ್ಮ ಸೊಸೈಟಿಗಳ ಸಹಕಾರ."

"ಓ, ಸಹಕಾರ ಸಂಘವಾ? ನಮ್ಮ ಡೈರೀಲೂ ಇಂಗೇಯ. ಆಲು ಯಾರು ಆಕ್ತಾರೆ?"

"ಹಾಲಿಲ್ಲ ಅತ್ತೆ. ಬರೀ ಮಾತು."

"ಆಲೇ ಇಲ್ದೆ ಸೊಸೈಟಿನಾ? ಅಂಗಾರೆ ಪೂರಾ ನೀರೇ ಅನ್ನು!"

ನನ್ನ ಮೈಕು ಆನ್ ಇತ್ತು. ಅಜ್ಜಿ ಏನಂದರು ಅಂತ ವಿದೇಶದವರು ಕೇಳಿದಾಗ ನಮ್ಮ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, "ನಮ್ಮ ಸಹಕಾರಕ್ಕೆ ಹಿರಿಯರ ಆಶೀರ್ವಾದ" ಅಂದರು.

೩. ಸಂಗಮ

ಕೊನೆಗೂ ತರಬೇತಿ ಕೊಡಲು ಹೊರದೇಶದಿಂದ ತಜ್ಞರೊಬ್ಬರು ಬಂದರು. ನಮ್ಮ ಕೆಲಸಗಾರರು ತಾಂಡ್ಯದ ಶೆಡ್ಡಿನಲ್ಲಿ ಬೆಳಿಗ್ಗೆಯಿಂದ ಕಾದು ಕೂತರು. ತಜ್ಞರ ಸುಳಿವಿಲ್ಲ. ಅಧ್ಯಕ್ಷರಿಗೆ ಫೋನ್ ಮಾಡಿದೆ.

"ನರಸೀಪುರದ ಸಂಗಮದಲ್ಲಿದೀವಿ ಕಣಮ್ಮ, ತೆಪ್ಪದಲ್ಲಿ. ಕಾವೇರಿ, ಕಪಿಲಾ ಎಂಗೆ ಸೇರ್ತವೆ ಅಂತ ತೋರಿಸ್ತಿದೀನಿ."

"ಆ ನದಿಗಳು ಎಲ್ಲೆಲ್ಲಿಂದಲೋ ಬಂದು ಸೇರ್ತವೆ ಸಾರ್. ನಿಮಗೆ ಕಾರಿದ್ದೂ ತಾಂಡ್ಯಕ್ಕೆ ಬರೋಕಾಗಲ್ವಾ?"

"ಬತ್ತೀವಿ ಇರು, ಸುತ್ತೂರು ಮಠದಲ್ಲಿ ಪ್ರಸಾದ ಮುಗಿಸ್ಕೊಂಡು."

ಬಂದದ್ದು ಶೆಡ್ಡಿಗೆ ಬೀಗ ಹಾಕುವ ಹೊತ್ತಿಗೆ. ಹೊಟ್ಟೆ ತುಂಬಿದ ತಜ್ಞರಿಗೆ ಕಣ್ಣು ಬಿಡಲಾಗುತ್ತಿಲ್ಲ. ವಿಕಿರಣದಿಂದ ಪಾರಾಗುವುದು ಹೇಗೆ ಅಂತ ನಾನೇ ಕೇಳಿದೆ. "ದೂರ ಇರಿ" ಅಂದವರೇ ಕಾರು ಹತ್ತಿದರು.

೪. ಬೋರ್ಡು

ಇದನ್ನು ನೆನೆಸಿಕೊಂಡರೆ ಈಗಲೂ ಯಾರಿಗಾದರೂ ಬಾರಿಸಬೇಕು ಅನ್ನಿಸುತ್ತದೆ. ನಮ್ಮ ಪರೀಕ್ಷೆಗೆ ಬಳಸುವ ವಿಕಿರಣದ ಗುಳಿಗೆಗೆ ಇಂಗ್ಲಿಷಿನಲ್ಲಿ ಸೋರ್ಸ್ ಅನ್ನುತ್ತಾರೆ. ದಪ್ಪ ಪೆಟ್ಟಿಗೆಯೊಳಗೆ ಇರುತ್ತದೆ, ಕೆಲಸದ ಹೊತ್ತಿಗೆ ಕೊಳವೆಯಲ್ಲಿ ಹೊರಗೆ ಬರುತ್ತದೆ. ವಾಪಸ್ ಒಳಗೆ ಹೋಗದೆ ಸಿಕ್ಕಿಕೊಂಡರೆ ಜೀವಕ್ಕೆ ಅಪಾಯ. ವಿದೇಶದ ಸಂಘಗಳೆಲ್ಲ ಸೇರಿ ಮಾಡಿದ ಎಚ್ಚರಿಕೆ ಬೋರ್ಡನ್ನು ನಮ್ಮ ಶಾಖೆ ಕನ್ನಡಕ್ಕೆ ತಂದಿತು. 'ಸೋರ್ಸು ಅಂತಲೇ ಬರೀರಿ, ಎಲ್ಲರಿಗೂ ಗೊತ್ತು' ಅಂತ ಬಡಕೊಂಡೆ. "ಅಚ್ಚಗನ್ನಡ ಇರಲಮ್ಮ" ಅಂದರು ಅಧ್ಯಕ್ಷರು.

ಸರಿ, ಎಷ್ಟೋ ದೇಶಗಳ ಸಂಘಗಳ ಮುದ್ರೆ ಹೊತ್ತ ಬೋರ್ಡು ನಮ್ಮ ಗೇಟಿಗೆ ಬಂತು: 'ಮೂಲ ಹೊರಗೆ ಬಂದಾಗ ಯಾರೂ ಹತ್ತಿರ ಸುಳಿಯಬಾರದು. ಒಳಗೆ ಹೋಗದಿದ್ದರೆ ಕೈಯಿಂದ ತಳ್ಳಬೇಡಿ. ಕೂಡಲೇ ಅಧಿಕಾರಿಗೆ ತಿಳಿಸಿ.'

ಮಾರನೇ ದಿನವೇ ಪೈಪು ತರುವ ಲಾರಿ ಡ್ರೈವರು, ಚಿಕ್ಕಯ್ಯನಛತ್ರದ ಕಡೆಯವರು, ನನ್ನ ರೂಮಿಗೆ ಬಂದು ಬಾಗಿಲು ಮುಂದೆ ಮಾಡಿದರು.

"ಮೇಡಮ್ಮೋರೆ, ಏಳಕ್ಕೆ ನಾಚ್ಕೆ. ಮೂಲ ಈಚೆಗೆ ಬಂದ್ಬುಟ್ಟದೆ."

ಸೈರನ್ ಒತ್ತಿದೆ. ಜನವೆಲ್ಲ ಗೇಟಿನಾಚೆ ಓಡಿತು.

"ಎಲ್ಲಿದೆ ಅಣ್ಣ?"

"ಲಾರೀಲಿ ಸೀಟ್ ಮೇಲೆ ಕೂತ್ರೆ ಜಾಸ್ತಿ."

"ಅಯ್ಯೋ, ಅದರ ಮೇಲೆ ಕೂತಿದ್ರಾ?"

"ಕೂರ್ದೆ ಗಾಡಿ ಎಂಗೆ ಓಡ್ಸದು?"

"ಕೈಯಲ್ಲಿ ಮುಟ್ಟಿದ್ರಾ?"

"ತಳ್ದೆ ಮೇಡಮ್ಮೋರೆ. ಆಮ್ಯಾಕೆ ಬೋರ್ಡು ಓದ್ದೆ."

ವಿಕಿರಣ ಅಳೆಯುವ ಮೀಟರು ಹಿಡಿದು ಲಾರಿಗೆ ಓಡಿ ಸೀಟಿನ ಮೇಲೆಲ್ಲ ಆಡಿಸಿದೆ, ಅವರ ಸುತ್ತ ಆಡಿಸಿದೆ. ಮುಳ್ಳು ಅಲ್ಲಾಡಲಿಲ್ಲ.

"ಯಾವತ್ತಿಂದ ಹೀಗೆ?"

"ಎಳ್ಡನೇ ಮಗ ಉಟ್ಟಿದ ವರ್ಸದಿಂದ. ಖಾರ ತಿಂದ್ರೆ ರಕ್ತಾನೂ ಬತ್ತದೆ."

ಮೀಟರು ಕೆಳಗಿಟ್ಟೆ. ಅಧ್ಯಕ್ಷರಿಗೆ ಫೋನ್ ಮಾಡಿ, ಅದುವರೆಗೆ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ ಅಚ್ಚಗನ್ನಡವನ್ನೆಲ್ಲ ಅವರ ಕಿವಿಗೆ ಸುರಿದೆ. ಆಮೇಲೆ ಕೆಂಪು ಪೈಂಟು ಹಿಡಿದು ಗೇಟಿನ ಬೋರ್ಡಿನಲ್ಲಿ 'ಮೂಲ'ದ ಮೇಲೆಯೇ 'ಸೋರ್ಸು' ಅಂತ ನಾನೇ ದಪ್ಪಗೆ ಬರೆಯತೊಡಗಿದೆ.

ಡ್ರೈವರಣ್ಣ ಹಿಂದೆಯೇ ಬಂದು, ಕೆಳಗಿದ್ದ ಮುದ್ರೆಗಳನ್ನೆಲ್ಲ ಒಂದೊಂದಾಗಿ ನೋಡಿ ಕೈಮುಗಿದರು.

"ಅಳಿಸ್ಬ್ಯಾಡಿ ಮೇಡಮ್ಮೋರೆ. ಇಷ್ಟೊಂದ್ ದೇಸದೋರು ಒಂದಾಗಿ ನಮ್ಮಂಥೋರ ಕುಂಡಿ ಬಗ್ಗೆ ಯೋಚ್ನೆ ಮಾಡವ್ರಲ್ಲ, ನಮ್ಮನೇಲಿ ಎಂಡ್ರೂ ಕೇಳಾಕಿಲ್ಲ!"