ನಲವತ್ತಾರು ಪುಟದ ಕಾರು

ನನ್ನನ್ನು ಯಾಮಾರಿಸುವವರು ಇನ್ನೂ ಹುಟ್ಟಿಲ್ಲ, ಹುಟ್ಟಿದ್ದರೂ ತೊಟ್ಟಿಲಲ್ಲೇ ಇರಬೇಕು! ಮೂವತ್ತೈದು ವರ್ಷ ಮುದ್ರಣಾಲಯದಲ್ಲಿ ಪ್ರೂಫ್ ತಿದ್ದಿದವನು ನಾನು. ಪುಟದ ಮೇಲೆ ಹರಿಯುತ್ತಿರುವುದು ಇರುವೆಯೋ, ಜಾಗ ತಪ್ಪಿದ ಅಲ್ಪವಿರಾಮವೋ ಎಂದು ಹತ್ತು ಗಜ ದೂರದಿಂದಲೇ ಹೇಳಬಲ್ಲೆ. ಇಂಥವನಿಗೆ ಆನ್‌ಲೈನಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವುದು ಯಾವ ಮಹಾ?

ಕಾರು ಬೇಕಾದದ್ದು ನನಗಲ್ಲ, ನನ್ನ ಹೆಂಡತಿಗೆ. ಬಸ್ಸಿನ ವಾಸನೆ ಬಂದರೇ ಅವಳಿಗೆ ತಲೆ ಸುತ್ತುತ್ತದೆ. ಮುಂದಿನ ಸೀಟು, ತೆರೆದ ಕಿಟಕಿ, ಎರಡೂ ಇದ್ದರಷ್ಟೇ ಪ್ರಯಾಣ. ಹೀಗಾಗಿ ಇನ್ನೂರು ಕಿಲೋಮೀಟರ್ ಆಚೆ ಇರುವ ತನ್ನ ಎಪ್ಪತ್ತೆಂಟರ ಅಕ್ಕನ ಮುಖ ಅವಳು ನೋಡಿ ನಾಲ್ಕು ವರ್ಷವಾಗಿತ್ತು. ಬಾಡಿಗೆ ಕಾರು ಮಾಡಿ ಎಂದು ಅವಳು ಹೇಳುತ್ತಲೇ ಇದ್ದಳು. ಸ್ವಂತ ಕಾರಿನಲ್ಲೇ ಕರೆದೊಯ್ಯುವೆನೆಂದು ನಾನು ಮೀಸೆ ತಿರುವುತ್ತಲೇ ಇದ್ದೆ.

“ಮುಂದಿನ ತಿಂಗಳ ಮೊದಲ ಭಾನುವಾರ ನಿನ್ನನ್ನ ಅಕ್ಕನ ಮನೆ ಬಾಗಿಲಲ್ಲಿ ಇಳಿಸದಿದ್ರೆ ಕೇಳು!” ಎಂದೆ.

“ಇಳಿಸದಿದ್ರೆ ಇನ್ಮೇಲೆ ನಿಮ್ಮ ಮಾತು ಕೇಳೋದೇ ಬಿಟ್ಟುಬಿಡ್ತೀನಿ,” ಎಂದಳು.

ಜಾಹೀರಾತಿನಲ್ಲಿ ಹದಿನೆಂಟು ಫೋಟೋ. ಹದಿನೆಂಟೂ ಎಡಗಡೆಯವು. ನಾಚಿಕೆ ಸ್ವಭಾವದ ಕಾರಿರಬೇಕು ಎಂದುಕೊಂಡೆ. ಮನೆಗೆ ಬಂದ ಮೇಲೆ ಬಲಗಡೆ ನೋಡಿದರೆ, ಯಾವುದೋ ಆನೆ ಅದಕ್ಕೆ ಒರಗಿ ಸುಖವಾಗಿ ನಿದ್ದೆ ತೆಗೆದಂತಿತ್ತು!

“ಒಳಗಿನದು ಮುಖ್ಯ ಕಣೇ. ಅದಕ್ಕೇ ಹೆಚ್ಚುವರಿ ವಾರಂಟಿನೂ ತಗೊಂಡಿದ್ದೀನಿ. ಎರಡು ವರ್ಷ ಏನೇ ಕೆಟ್ಟರೂ ಅವರ ತಲೆನೋವು.”

“ಅದನ್ನ ಓದಿದ್ರಾ?”

ಓದಿದ್ರಾ! ಈ ಪ್ರಶ್ನೆ ನನಗೆ!

ನಲವತ್ತಾರು ಪುಟ. ಅಕ್ಷರಗಳೋ ಸಾಸಿವೆಯ ಮೊಮ್ಮಕ್ಕಳಷ್ಟು. ಭೂತಗನ್ನಡಿ ಹಿಡಿದು ಮೂರು ದಿನ ಕುಳಿತೆ. ಹನ್ನೊಂದು ಕಾಗುಣಿತದ ತಪ್ಪು, ಐದು ಕಡೆ ಬಿಟ್ಟುಹೋದ ಪೂರ್ಣವಿರಾಮ ಸೆರೆಸಿಕ್ಕವು. ಎಲ್ಲವನ್ನೂ ಕೆಂಪು ಶಾಯಿಯಲ್ಲಿ ತಿದ್ದಿ, ಹಳೆಯ ಅಭ್ಯಾಸದಂತೆ ಪ್ರತಿ ಪುಟದ ಅಡಿಯಲ್ಲೂ ‘ಓದಿದೆ, ಸರಿಯಿದೆ’ ಎಂದು ಬರೆದು ಸಹಿ ಹಾಕಿ, ಒಂದು ಪ್ರತಿಯನ್ನು ಕಂಪನಿಗೂ ಕಳಿಸಿದೆ. ಲೋಕೋಪಕಾರ!

ಹೇಳಿದ ಭಾನುವಾರ ಬೆಳಗ್ಗೆ ಹೆಂಡತಿ ನನಗಿಂತ ಮೊದಲೇ ಕಾರಿನಲ್ಲಿ ಕುಳಿತಿದ್ದಳು. ಮಡಿಲಲ್ಲಿ ಅಕ್ಕನಿಗೆಂದು ಹೆಣೆದ ನೀಲಿ ಶಾಲು. ಕಾರು ರಾಜಗಾಂಭೀರ್ಯದಿಂದ ಹೊರಟಿತು. ಎರಡನೇ ತಿರುವಿನ ಔಷಧಿ ಅಂಗಡಿಯ ಮುಂದೆ ಅಷ್ಟೇ ಗಾಂಭೀರ್ಯದಿಂದ ನಿಂತಿತು. ಎದ್ದ ಹೊಗೆ ನೋಡಿ ಊರಿನ ಪಾರಿವಾಳಗಳೆಲ್ಲ ವಲಸೆ ಹೋದವು!

ಪಕ್ಕದ ಬೀದಿಯ ಮೆಕ್ಯಾನಿಕ್ ಬಂದು ಬಾನೆಟ್ ಎತ್ತಿದ.

“ಇದು ಒಂದು ಎಂಜಿನ್ ಅಲ್ಲ ಸಾರ್. ಮೂರು ಕಾರುಗಳ ಕೂಡು ಕುಟುಂಬ. ಒಬ್ಬರಿಗೊಬ್ಬರು ಮಾತು ಬಿಟ್ಟಿದ್ದಾರೆ.”

ಎದೆಯುಬ್ಬಿಸಿ ವಾರಂಟಿ ಕಂಪನಿಗೆ ಫೋನು ಮಾಡಿದೆ. ಅತ್ತಲಿಂದ ಹುಡುಗಿಯೊಬ್ಬಳು, “ಸಾರ್, ಇಪ್ಪತ್ತೇಳನೇ ಪುಟ ನೋಡಿ,” ಎಂದು ಓದಿದಳು: ‘ಚಲಿಸುವ ಭಾಗಗಳು ಸವೆಯುವುದು ಸಹಜವಾದ್ದರಿಂದ ಅವು ವಾರಂಟಿಗೆ ಸೇರುವುದಿಲ್ಲ. ಚಲಿಸದ ಭಾಗಗಳು ಸವೆಯುವುದೇ ಇಲ್ಲವಾದ್ದರಿಂದ ಅವೂ ಸೇರುವುದಿಲ್ಲ.’

ಆಹಾ! ಅಷ್ಟು ದೊಡ್ಡ ಕಾರನ್ನು ಎರಡೇ ಸಾಲಿನಲ್ಲಿ ಮಾಯ ಮಾಡಿದ ಆ ಮಹಾನುಭಾವ ಯಾರು? ಅವನ ಕೈಗೆ ಬಂಗಾರದ ಕಡಗ ತೊಡಿಸಬೇಕು! ನನ್ನ ಮೇಜಿನ ಮೇಲೆ ಎಷ್ಟೆಷ್ಟೋ ಪುಸ್ತಕಗಳು ಹಾದುಹೋಗಿವೆ, ಇಂಥ ಸಾಲನ್ನು ಎಲ್ಲೂ ಕಂಡಿರಲಿಲ್ಲ. ಅಯ್ಯೋ, ಕಂಡಿದ್ದೆ! ಕಂಡು, ಅದರ ಕೊನೆಗೊಂದು ಪೂರ್ಣವಿರಾಮ ಇಟ್ಟವನೂ ನಾನೇ!

“ಇದು ಮೋಸ ಅಲ್ವೇನಮ್ಮಾ? ಇದನ್ನೆಲ್ಲ ಯಾರು ಓದ್ತಾರೆ?”

“ಯಾರೂ ಓದಲ್ಲ ಸಾರ್, ನೀವೊಬ್ಬರೇ. ಪುಟಪುಟಕ್ಕೂ ‘ಸರಿಯಿದೆ’ ಅಂತ ಬರೆದುಕೊಟ್ಟಿದ್ದೀರಿ. ನಮ್ಮ ವಕೀಲರು ಅದಕ್ಕೆ ಫ್ರೇಮ್ ಹಾಕಿಸಿ ಗೋಡೆಗೆ ನೇತುಹಾಕಿದ್ದಾರೆ!”

ಹೆಂಡತಿ ಶಾಲನ್ನು ಬಿಡಿಸಿದಳು, ಮಡಚಿದಳು, ಮತ್ತೆ ಬಿಡಿಸಿದಳು. ಆಮೇಲೆ ಕೈ ಚಾಚಿದಳು.

“ಕೊಡಿ ಇಲ್ಲಿ ಆ ಕಾಗದಗಳನ್ನ.”

ಕನ್ನಡಕ ಏರಿಸಿ, ಹಿಂದಿನ ಪುಟಗಳಿಂದ ಓದತೊಡಗಿದಳು. ಐದು ನಿಮಿಷವೂ ಆಗಿರಲಿಕ್ಕಿಲ್ಲ, ಅದೇ ನಂಬರಿಗೆ ತಾನೇ ಫೋನು ಮಾಡಿದಳು.

“ನೋಡಮ್ಮಾ, ನಲವತ್ತೈದನೇ ಪುಟ. ಕಾರು ದಾರೀಲಿ ನಿಂತ್ರೆ, ನೀವು ಹೇಳಿದ ಗ್ಯಾರೇಜಿಗೆ ಇನ್ನೂರೈವತ್ತು ಕಿಲೋಮೀಟರ್ ತನಕ ಪುಕ್ಕಟೆ ಹೊತ್ಕೊಂಡು ಹೋಗ್ತೀವಿ, ಜೊತೆಗೆ ಇಬ್ಬರನ್ನ ಕೂರಿಸ್ಕೊಳ್ತೀವಿ ಅಂತಿದೆ. ಹೌದೋ ಅಲ್ವೋ?”

“ಹೌದು ಮೇಡಂ... ಯಾವ ಗ್ಯಾರೇಜು?”

“ನಮ್ಮಕ್ಕನ ಮನೆ ಎದುರಿಗೊಂದಿದೆ.”

ನಾನು ಇಣುಕಿ ನೋಡಿದೆ. ಆ ಪುಟದಲ್ಲೂ ನನ್ನದೇ ಸಹಿ!

ಲಾರಿ ಬಂತು. ಕಾರು ಅದರ ಬೆನ್ನೇರಿತು. ಹೆಂಡತಿ ತೆರೆದ ಕಿಟಕಿಯ ಪಕ್ಕ, ಇಡೀ ಹೆದ್ದಾರಿಯನ್ನು ಆಳುವವಳಂತೆ ಕುಳಿತಳು. ಡ್ರೈವರಿಗೂ ಅವಳಿಗೂ ನಡುವೆ ನಾನು, ಅವನು ಗೇರು ಬದಲಿಸಿದಾಗಲೆಲ್ಲ ಮೊಣಕಾಲು ಎತ್ತಿಕೊಳ್ಳುತ್ತಾ. ಅಷ್ಟು ದೂರದ ದಾರಿಯಲ್ಲಿ ಅವಳಿಗೆ ಒಮ್ಮೆಯೂ ತಲೆ ಸುತ್ತಲಿಲ್ಲ. ಸುತ್ತಿದ್ದು ನನಗೆ!

ಅಕ್ಕ ಬಾಗಿಲಿಗೆ ಬಂದರು. ತಂಗಿಯನ್ನು ತಬ್ಬಿಕೊಂಡು ಬಹಳ ಹೊತ್ತು ಬಿಡಲೇ ಇಲ್ಲ. ಆಮೇಲೆ ಕಣ್ಣೊರೆಸಿಕೊಂಡು ಲಾರಿಯತ್ತ ನೋಡಿದರು.

“ನಿಮ್ಮೆಜಮಾನರ ಜೋಪಾನ ನೋಡೇ! ಕಾರಿನ ಚಕ್ರ ಮಣ್ಣಾಗುತ್ತೆ ಅಂತ ಹೊತ್ಕೊಂಡೇ ಬಂದಿದ್ದಾರೆ!”

ತಲೆ ತಗ್ಗಿಸಿ ಎದುರಿನ ಗ್ಯಾರೇಜಿನತ್ತ ಹೆಜ್ಜೆ ಹಾಕಿದೆ. ಹಿಂದಿನಿಂದ ಹೆಂಡತಿ ಕೂಗಿದಳು.

“ರೀ, ಎಲ್ಲಿಗೆ?”

“ರಿಪೇರಿಗೆ ಹೇಳಿ ಬರ್ತೀನಿ.”

“ಅದನ್ನ ಯಾರಾದ್ರೂ ಮುಟ್ಟಿದ್ರೆ ನೋಡಿ! ವರ್ಷಕ್ಕೆ ನಾಲ್ಕು ಸಲ ಲಾರಿ ಕಳಿಸ್ತಾರಂತೆ. ಕಾರು ಓಡೋಕೆ ಶುರುಮಾಡಿದ್ರೆ ನಾನು ಅಕ್ಕನ ಮನೆಗೆ ಬರೋದು ಹೇಗೆ?”