ಹಸಿರು ದೀಪ ಬಂತು ಸಾರ್, ಮುಂದೆ?

ಎಲ್ಲದಕ್ಕೂ ಕಾರಣ ಎರಡನೇ ಲೋಟ ಕಾಫಿ. ಅದನ್ನು ಕುಡಿಯದಿದ್ದರೆ ಹಂತದ ಮೇಷ್ಟ್ರು ತರಬೇತಿಯ ನಡುವೆ ಶೌಚಾಲಯಕ್ಕೆ ಹೋಗುತ್ತಿರಲಿಲ್ಲ. ಹೋಗದಿದ್ದರೆ ಸಂಜೆಯೊಳಗೆ ಇಡೀ ವರ್ಷದ ಗುತ್ತಿಗೆ ಅವರ ಜೇಬಿನಲ್ಲಿರುತ್ತಿತ್ತು.

ಯಂತ್ರ ಬಳಸುವುದು ಹೇಗೆಂದು ಜನಕ್ಕೆ ತಿಳಿಯುವಂತೆ ಬರೆಯುವುದು, ಹಾಗೆ ಬರೆಯಲು ಕಂಪನಿಗಳ ಸಿಬ್ಬಂದಿಗೆ ಕಲಿಸುವುದು ಮೇಷ್ಟ್ರ ಕಸುಬು. ಹಲ್ಲುಜ್ಜುವುದನ್ನೂ ಹಂತ ಹಂತವಾಗಿ ವಿವರಿಸುತ್ತಿದ್ದುದರಿಂದ ಆ ಹೆಸರು ಅಂಟಿಕೊಂಡಿತ್ತು. ಈ ಬೀಗದ ಕಂಪನಿಯ ಹೊಸ ಎಲೆಕ್ಟ್ರಾನಿಕ್ ಬೀಗಕ್ಕೆ ಆನ್‌ಲೈನ್ ಕೈಪಿಡಿ ಬರೆದವರೂ ಅವರೇ. ಇವತ್ತಿನ ಪಾಠ ನೋಡಿಕೊಂಡು ಗುತ್ತಿಗೆಗೆ ಸಹಿ ಹಾಕುತ್ತೇನೆಂದು ಮಾಲೀಕರು ಕಾಗದ ಹಿಡಿದು ಹಿಂದಿನ ಸಾಲಿನಲ್ಲಿ ಕೂತಿದ್ದರು. ಪಕ್ಕದಲ್ಲೇ ಬೀಗ ತಯಾರಿಸಿದ ಎಂಜಿನಿಯರ್, ಹರಳೆಣ್ಣೆ ಕುಡಿದವನ ಮುಖ ಮಾಡಿಕೊಂಡು.

"ಕೈಪಿಡಿ ಯಾರ್ರೀ ಓದ್ತಾರೆ? ಒಂದು ವಿಡಿಯೋ ಹಾಕಿದ್ರೆ ಮುಗೀತು," ಎಂದ ಎಂಜಿನಿಯರ್.

"ನೆಟ್ಟಗೆ ಬರೆದ್ರೆ ಓದ್ತಾರೆ. ನನ್ನ ಕೈಪಿಡೀಲಿ ಒಂದು 'ಅಥವಾ' ತೋರಿಸಿ ನೋಡೋಣ! 'ಅಥವಾ' ಅನ್ನೋದು ಸೋಮಾರಿಯ ಪದ. ಒಂದು ಹಂತಕ್ಕೆ ಒಂದೇ ಕೆಲಸ," ಎಂದರು ಮೇಷ್ಟ್ರು. ಒಂದು ಕಡೆ ವಾಕ್ಯ ತಿದ್ದಿದರೆ ಎಲ್ಲ ಪುಟಗಳಲ್ಲೂ ಅದು ತಾನಾಗಿ ಬದಲಾಗುತ್ತದೆಂದೂ ವಿವರಿಸಿದರು. "ಈ ಕಟ್ಟಡದ ಬಾಗಿಲಾಗಲಿ, ಸಾಹೇಬ್ರ ಮನೆ ಬಾಗಿಲಾಗಲಿ, ಪಠ್ಯ ಒಂದೇ."

ನಿನ್ನೆಯಷ್ಟೇ ಮನೆಗೆ ಬೀಗ ಹಾಕಿಸಿದ್ದ ಮಾಲೀಕರು ತಲೆದೂಗಿದರು.

ಆಮೇಲೆ ಅಭ್ಯಾಸ. ರಿಸೆಪ್ಷನ್ ಹುಡುಗಿ ಚೀಟಿ ಓದಿಕೊಂಡು ಬಾಟಲಿಗೆ ನೀರು ತುಂಬಬೇಕು. ಅವಳು ಮುಚ್ಚಳಕ್ಕೆ ಕೈ ಹಾಕಿದಳೋ ಇಲ್ಲವೋ, ಮೇಷ್ಟ್ರು ಗುಡುಗಿದರು. "ಮುಚ್ಚಳ ತೆಗೀರಿ ಅಂತ ಎಲ್ಲಮ್ಮಾ ಬರೆದಿದೆ? ಬರೆದಿರೋದನ್ನಷ್ಟೇ ಮಾಡ್ಬೇಕು!" ಅವಳು ಮುಚ್ಚಿದ ಬಾಟಲಿಯ ಮೇಲೆ ನೀರು ಸುರಿದಳು. ಮಾಲೀಕರ ಷೂ ತೊಯ್ದವು. ಪಾಠ ಎಲ್ಲರ ತಲೆಗೂ ಇಳಿಯಿತು.

ಆಗ ಕಾಫಿ ತನ್ನ ಕೆಲಸ ಶುರುಮಾಡಿತು.

ಶೌಚಾಲಯದ ಬಾಗಿಲಿಗೂ ಪ್ರಯೋಗಕ್ಕೆಂದು ಅದೇ ಬೀಗ ಹಾಕಿದ್ದರು. ಒಳಗಡೆಯ ಹಿಡಿಕೆ ಇನ್ನೂ ಕೂರಿಸಿರಲಿಲ್ಲ. ಮೇಷ್ಟ್ರ ಬೆನ್ನ ಹಿಂದೆ ಬಾಗಿಲು ತಾನೇ ಮುಚ್ಚಿಕೊಂಡು 'ಟಕ್' ಎಂದಿತು.

ಸ್ವಲ್ಪ ಹೊತ್ತಿಗೆ ಒಳಗಿನಿಂದ ದಬದಬ ಸದ್ದು. ಎಂಜಿನಿಯರ್ ಖುಷಿಯಿಂದ ಎದ್ದ. "ತಡೀರಿ, ತೆಗೀತೀನಿ."

"ಎಂಜಿನಿಯರ್ ಬಾಗಿಲು ಮುಟ್ಟಕೂಡದು!" ಒಳಗಿನಿಂದ ಗರ್ಜನೆ. "ರಿಸೆಪ್ಷನ್ ಹುಡುಗಿ ನನ್ನ ಕೈಪಿಡಿ ಓದಿ ತೆಗೀಲಿ. ಕೈಪಿಡಿ ಯಾರು ಓದ್ತಾರೆ ಅಂದ್ರಲ್ಲ, ನೋಡ್ಕೊಳ್ಳಿ!"

ಹುಡುಗಿ ಮೊಬೈಲಿನಲ್ಲಿ ಪುಟ ತೆರೆದು ಗಟ್ಟಿಯಾಗಿ ಓದುತ್ತಾ ಗುಂಡಿಗಳನ್ನು ಒತ್ತಿದಳು. "ಹಸಿರು ದೀಪ ಬಂತು ಸಾರ್. ಮುಂದೆ?"

"ಮುಂದೇನು? ಮುಗೀತು!"

"ಮುಗೀತು ಅಂತಾನೇ ಇಲ್ಲೂ ಇದೆ." ಅವಳು ಕೈಕಟ್ಟಿ ನಿಂತಳು. ದೀಪ ಆರಿತು, ಬೀಗ ಮತ್ತೆ ಬಿತ್ತು. ಇನ್ನೊಮ್ಮೆ ಒತ್ತಿದಳು. ಮತ್ತೆ ದೀಪ, ಮತ್ತೆ ಕೈಕಟ್ಟು. ಹಿಂದೆ ನಿಂತ ಸಿಬ್ಬಂದಿಯೆಲ್ಲ ಫೋಟೊಗೆ ನಿಂತ ಹಾಗೆ ನಿಂತಿದ್ದರು.

ಒಳಗೆ ಮೇಷ್ಟ್ರು ಕೈಪಿಡಿಯ ಕೊನೆಯ ಹಂತ ನೆನೆಸಿಕೊಂಡರು. ಬಾಗಿಲು ತಳ್ಳಬೇಕು ಎಂದು ಬರೆದೇ ಇರಲಿಲ್ಲ! ಬಾಯಿಬಿಟ್ಟು ಹೇಳಿದರೆ ಮಾಲೀಕರ ಮುಂದೆ ಮಾನ ಹೋಗುತ್ತದೆ, ಜೊತೆಗೆ ಗುತ್ತಿಗೆಯೂ. ಆದರೆ ಕೈಯಲ್ಲಿ ಮೊಬೈಲಿತ್ತು. ಕಮೋಡಿನ ಮೇಲೆ ಕೂತು ಕೈಪಿಡಿ ತೆರೆದು ಕೊನೆಗೆ ಒಂದು ಹಂತ ಸೇರಿಸಿದರು: 'ಬಾಗಿಲನ್ನು ತಳ್ಳಿರಿ.'

"ಪುಟ ಇನ್ನೊಂದ್ಸಲ ತೆರೆದು ಪೂರ್ತಿ ಓದಮ್ಮಾ. ಅರ್ಧಂಬರ್ಧ ಓದ್ತೀರಿ!"

ಹುಡುಗಿ ಓದಿದಳು, ಒತ್ತಿದಳು, ತಳ್ಳಿದಳು. ಮೇಷ್ಟ್ರು ಪಂದ್ಯ ಗೆದ್ದ ಪೈಲ್ವಾನನಂತೆ ಎದೆಯುಬ್ಬಿಸಿಕೊಂಡು ಹೊರಬಂದರು. ಚಪ್ಪಾಳೆಯೋ ಚಪ್ಪಾಳೆ. ಮಾಲೀಕರು ಪೆನ್ನು ತೆಗೆದರು.

ಅಷ್ಟರಲ್ಲಿ ಅವರ ಫೋನ್ ಹೊಡೆದುಕೊಂಡಿತು. ಹೆಂಡತಿ. ದನಿ ಇಡೀ ಕೋಣೆಗೆ ಕೇಳುತ್ತಿತ್ತು.

"ರೀ, ಆಗ್ಲಿಂದ ಬಿಸಿಲಲ್ಲಿ ನಿಂತು ನಮ್ಮನೆ ಬಾಗಿಲು ತಳ್ತಾ ಇದೀನಿ! ಭುಜ ಊದ್ಕೊಂಡಿದೆ! ತಳ್ಳಿ ಅಂತ ಯಾವ ಮಹಾನುಭಾವ ಬರೆದಿದಾನೆ?"

"ನಮ್ಮನೆ ಬಾಗಿಲು ಹೊರಕ್ಕೆ ಎಳೆಯೋದಲ್ವೇನ್ರೀ!" ಮಾಲೀಕರು ಮೇಷ್ಟ್ರ ಮೇಲೆ ಹರಿಹಾಯ್ದರು.

"ಅಮ್ಮನೋರು ಓದಿದ ಹಾಗೇ ಮಾಡಿದಾರಲ್ಲ ಸಾರ್, ಅವರೇ ನಿಜವಾದ ಓದುಗರು!" ಎಂದರು ಮೇಷ್ಟ್ರು, ಒಂದಿಷ್ಟೂ ಜಗ್ಗದೆ.

"ತಿದ್ರೀ ಮೊದ್ಲು!"

ಎಂಜಿನಿಯರ್ ಮೇಷ್ಟ್ರ ಮೊಬೈಲಿಗೇ ಕೈ ಹಾಕಿದ. ಮೇಷ್ಟ್ರು ಅದನ್ನು ಎದೆಗವಚಿಕೊಂಡು, ಹುಡುಗಿ ಇನ್ನೂ ತೆರೆದು ಹಿಡಿದಿದ್ದ ಶೌಚಾಲಯದೊಳಕ್ಕೇ ಹಿಂದೆ ಹಿಂದೆ ಸರಿಯುತ್ತಾ, ಬೆರಳಾಡಿಸುತ್ತಾ, 'ತಳ್ಳಿರಿ'ಯನ್ನು 'ಎಳೆಯಿರಿ' ಮಾಡಿದರು. ಫೋನಿನಲ್ಲಿ ಅಮ್ಮನೋರ ದನಿ ಕೇಳಿತು. "ಹಾಂ, ಬಂತು!"

ಅದೇ ಗಳಿಗೆಯಲ್ಲಿ ಬಾಗಿಲು ಹುಡುಗಿಯ ಕೈಯಿಂದ ಜಾರಿ, ಒಳಗಿದ್ದ ಮೇಷ್ಟ್ರ ಮುಂದೆ ಮುಚ್ಚಿಕೊಂಡು 'ಟಕ್' ಎಂದಿತು.

ಹುಡುಗಿ ಪುಟ ತೆರೆದಳು. "ಹಸಿರು ದೀಪ ಬಂತು ಸಾರ್. ಎಳೀತಾ ಇದೀನಿ. ಬರ್ತಾ ಇಲ್ಲ."

ಎಂಜಿನಿಯರ್ ಬಾಗಿಲಿಗೆ ಬಾಯಿ ಹಚ್ಚಿ ಜೇನಿನಂಥ ದನಿಯಲ್ಲಿ ಹೇಳಿದ. "ನಾನಂತೂ ಮುಟ್ಟೋ ಹಾಗಿಲ್ಲ. 'ತಳ್ಳಿರಿ ಅಥವಾ ಎಳೆಯಿರಿ' ಅಂತ ಹಾಕ್ಬಿಡಿ ಮೇಷ್ಟ್ರೇ."

"ಹಾಕ್ರೀ ಮಾರಾಯ್ರೇ, ಒಂದೇ ಪದ," ಎಂದರು ಮಾಲೀಕರು. "ಹಾಕಿ ಈಚೆ ಬನ್ನಿ, ಸಹಿ ಮಾಡ್ತೀನಿ."

ಒಳಗೆ ಕಮೋಡಿನ ಮುಚ್ಚಳ ಬಡಿದ ಸದ್ದಾಯಿತು.

"ನಾನು 'ಅಥವಾ' ಬರೆಯಲ್ಲ!" ಎಂದಿತು ಗೋಡೆ ನಡುಗುವಂಥ ದನಿ. "ಇಲ್ಲಿ ನೀರಿದೆ, ಗಾಳಿಯಿದೆ, ಕೂರೋಕೆ ಜಾಗ ಇದೆ. ನಾನು ಆರಾಮಾಗಿದೀನಿ!"

"ದೀಪ ಆರೋಯ್ತು ಸಾರ್," ಎಂದಳು ಹುಡುಗಿ. "ಮೊದಲನೇ ಹಂತದಿಂದ ಶುರು ಮಾಡ್ಲಾ?"