ಬರ್ತೀನಿ ಅನ್ನಬಾರದ ಅಂಗಡಿ

"ಸಾಯೋದಕ್ಕೂ ಲೈಸೆನ್ಸ್ ಬೇಕೇನಮ್ಮ?" ಎಂದು ನನ್ನನ್ನು ಕೇಳದ ನೆಂಟರೇ ಇಲ್ಲ. ಸಾಯುವುದಕ್ಕೆ ಬೇಡ, ಸತ್ತವರ ಸಾಮಾನು ಮಾರುವುದಕ್ಕೆ ಬೇಕು. ತೊಂಬತ್ತರ ದಶಕದಲ್ಲಿ ನಾನು ಒಂದು ಪುರಸಭೆಯಲ್ಲಿ ಅಂಗಡಿಗಳ ಲೈಸೆನ್ಸ್ ನೋಡಿಕೊಳ್ಳುವ ಗುಮಾಸ್ತೆಯಾಗಿದ್ದೆ. ಶ್ರೀರಂಗಪಟ್ಟಣವೋ, ಪಾಂಡವಪುರವೋ, ಕೆ.ಆರ್. ಪೇಟೆಯೋ, ನಾಗಮಂಗಲವೋ ಎಂದು ಮಾತ್ರ ಕೇಳಬೇಡಿ. ನಾಲ್ಕು ಊರಲ್ಲೂ ನನಗೆ ನೆಂಟರಿದ್ದಾರೆ, ಊಟಕ್ಕೆ ಕರೆಯುವುದನ್ನು ನಿಲ್ಲಿಸಿಬಿಟ್ಟಾರು. ನಗಬಾರದ ಜಾಗದಲ್ಲಿ ನಗು ಬರುವಂಥದ್ದು ನನ್ನ ನೌಕರಿಯಲ್ಲಿ ಆಗುತ್ತಲೇ ಇತ್ತು. ಅದರಲ್ಲಿ ಹೆಚ್ಚಿನದೆಲ್ಲ ಒಂದೇ ಅಂಗಡಿಯಿಂದ ಬಂದದ್ದು. ಆ ಅಂಗಡಿಯ ಅಕ್ಕನಿಗೆ ನಾನು ಇವತ್ತಿಗೂ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಕಡತದ ಸ್ನಾನ

ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ಒಂದು ಚಟ್ಟದ ಅಂಗಡಿ ಇತ್ತು. ಬಿದಿರು, ಮಡಕೆ, ಬಿಳಿ ಬಟ್ಟೆ, ಊದುಬತ್ತಿ, ದಾರಿಯುದ್ದಕ್ಕೂ ಎರಚುವ ಪುರಿ, ಎಲ್ಲ ಅಲ್ಲೇ ಸಿಗುತ್ತಿತ್ತು. ಗಂಡ ತೀರಿಕೊಂಡ ಮೇಲೆ ಹೆಂಡತಿಯೇ ಅಂಗಡಿ ನಡೆಸುತ್ತಿದ್ದರು. ಊರಿಗೆಲ್ಲ ಅವರು ಅಕ್ಕ. ಚಟ್ಟವನ್ನೂ ತಾವೇ ಕಟ್ಟುತ್ತಿದ್ದರು.

ಎದುರು ಹೋಟೆಲಿನ ಯಜಮಾನರು ಒಂದು ದಿನ ಪುರಸಭೆಗೆ ದೂರು ಕೊಟ್ಟರು. ಇಡ್ಲಿ ತಿನ್ನಲು ಕೂತವರಿಗೆ ಎದುರಿಗೆ ಚಟ್ಟ ಕಾಣಿಸುತ್ತದೆ, ಆ ಅಂಗಡಿಗೆ ಲೈಸೆನ್ಸೂ ಇಲ್ಲ, ಮುಚ್ಚಿಸಿ ಅಂತ. ಲೈಸೆನ್ಸ್ ಇಲ್ಲದ್ದು ನಿಜ. ಹಾಗೆ ನೋಡಿದರೆ ಆ ಬೀದಿಯ ಅರ್ಧ ಅಂಗಡಿಗಳಿಗೆ ಇರಲಿಲ್ಲ, ಆದರೆ ದೂರು ಬಂದದ್ದು ಅಕ್ಕನ ಮೇಲೆ ಮಾತ್ರ.

ತಪಾಸಣೆಗೆ ಯಾರನ್ನು ಕಳಿಸುವುದು ಎಂಬ ಪ್ರಶ್ನೆ ಬಂತು. ಹೆಲ್ತ್ ಇನ್ಸ್‌ಪೆಕ್ಟರ್ ಹೆಂಡತಿ ಬಸುರಿ, ಅವರು ಸಾವಿನ ಸಾಮಾನು ಮುಟ್ಟುವ ಹಾಗಿಲ್ಲ. ರೆವಿನ್ಯೂ ಇನ್ಸ್‌ಪೆಕ್ಟರ್ ಅಯ್ಯಪ್ಪನ ಮಾಲೆ ಹಾಕಿದ್ದರು. ಬಿಲ್ ಕಲೆಕ್ಟರ್ ಮನೆಯಲ್ಲಿ ಗೃಹಪ್ರವೇಶ. ಮುಖ್ಯಾಧಿಕಾರಿಗಳು ಸುತ್ತ ನೋಡಿ ನನ್ನ ಮೇಲೆ ಕಣ್ಣಿಟ್ಟರು.

"ಹೆಂಗಸರು ಸ್ಮಶಾನಕ್ಕೆ ಹೋಗೋ ಪದ್ಧತಿ ಇಲ್ವಲ್ಲ ಸರ್" ಅಂದೆ.

"ಅದು ಸ್ಮಶಾನ ಅಲ್ಲಮ್ಮ, ಅಂಗಡಿ" ಅಂದರು.

ಅಂಗಡಿ ನೋಡಿಕೊಂಡು ಸಂಜೆ ಮನೆಗೆ ಬಂದರೆ ಸುದ್ದಿ ನನಗಿಂತ ಮೊದಲೇ ಬಂದಿತ್ತು. ನಮ್ಮತ್ತೆ ಹಿತ್ತಲ ಬಾಗಿಲಲ್ಲಿ ಬಿಸಿನೀರು ಇಟ್ಟುಕೊಂಡು ನಿಂತಿದ್ದರು.

"ಬರೀ ಅಂಗಡಿಗೆ ಹೋಗಿದ್ದು ಅತ್ತೆ."

"ಏನ್ ಮಾರೋ ಅಂಗ್ಡಿ, ಅದ್ನೇಳು ಮೊದ್ಲು" ಎನ್ನುತ್ತಾ ತಲೆಯ ಮೇಲೆ ಚೊಂಬು ಬಗ್ಗಿಸಿದರು. ಹೆಗಲಲ್ಲಿದ್ದ ಬ್ಯಾಗು, ಬ್ಯಾಗಿನಲ್ಲಿದ್ದ ಕಡತ ಎಲ್ಲ ನೆಂದವು.

ಮರುದಿನ ಮುಖ್ಯಾಧಿಕಾರಿಗಳ ಮುಂದೆ ಆ ಕಡತ ಇಟ್ಟೆ. ಅವರು ಅದನ್ನು ಕೈಯಿಂದ ಮುಟ್ಟದೆ ಪೆನ್ನಿನ ತುದಿಯಿಂದ ತಿರುಗಿಸಿ ನೋಡುತ್ತಿದ್ದರು.

"ಏನಮ್ಮ ಇದು, ಹಪ್ಪಳದ ಥರ ಆಗಿದೆ?"

"ನಮ್ಮತ್ತೆ ಅದಕ್ಕೂ ಸ್ನಾನ ಮಾಡಿಸಿದರು ಸರ್."

"ಹಾಗಾದರೆ ಸರಿ" ಎಂದು ಎರಡೂ ಕೈಲಿ ತೆಗೆದುಕೊಂಡರು.

ದೂರಿನ ಪುಸ್ತಕ

ಲೈಸೆನ್ಸ್ ಕೊಡೋಣವೆಂದರೆ ನಮ್ಮ ಪಟ್ಟಿಯಲ್ಲಿ ಆ ಕಸುಬೇ ಇರಲಿಲ್ಲ. ಹಿಟ್ಟಿನ ಗಿರಣಿ ಇತ್ತು, ಕ್ಷೌರದಂಗಡಿ ಇತ್ತು, ಸೋಡಾ ಕಾರ್ಖಾನೆ ಇತ್ತು. ಚಟ್ಟ ಇರಲಿಲ್ಲ. ಪಟ್ಟಿ ಮಾಡಿದವರು ತಮಗೆ ಅದು ಬೇಕಾಗುವುದಿಲ್ಲ ಎಂದುಕೊಂಡಿದ್ದರೋ ಏನೋ. ಕೊನೆಗೆ ಮುಖ್ಯಾಧಿಕಾರಿಗಳು, "ಎಲ್ಲ ಅಂಗಡಿಗೂ ಇರೋ ಸಾಮಾನ್ಯ ಷರತ್ತು ಇದೆಯಲ್ಲ, ಅದನ್ನ ಓದಿ ಹೇಳಿ ಬನ್ನಿ. ಪಾಲಿಸಿದರೆ ನೋಡೋಣ" ಅಂದರು.

ನಾನು ಅಂಗಡಿಯ ಮುಂದೆ ನಿಂತು ಓದಿದೆ. ಗಿರಾಕಿಗಳಿಗೆ ಕುಡಿಯುವ ನೀರು ಇಡಬೇಕು.

"ಮಡ್ಕೆ ಐತಲ್ಲ" ಅಂದರು ಅಕ್ಕ.

ಕೂರಲು ಜಾಗ ಇರಬೇಕು.

"ಇಲ್ಲೀಗ್ ಬಂದೋರು ಯಾರೂ ಕೂರಲ್ಲ ಕಣ್ರವ್ವ. ಆಗ್ಲಿ, ಒಂದ್ ಬೆಂಚ್ ಹಾಕ್ತೀನಿ."

ಮಾರಿದ ಮಾಲಿನ ಬಗ್ಗೆ ಬಳಸಿದವರು ಬರೆಯಲು ದೂರಿನ ಪುಸ್ತಕ ಇಡಬೇಕು.

ಅಕ್ಕ ಹಗ್ಗ ಸುತ್ತುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. "ಇಡ್ತೀನಿ, ಅದ್ಕೇನು. ಬಳ್ಸಿದೋರು ಬಂದು ಬರೆಯಾದಾದ್ರೆ ನಾನು ಅಂಗ್ಡಿ ಬುಟ್ ಓಡೋಯ್ತೀನಿ, ಅದೊಂದ್ ಬರ್ಕೊಳಿ."

ಬಾಯಿಗೆ ಬಂದ ಮಾತು

ಅವತ್ತು ಹೊರಡುವಾಗ ರೂಢಿಯ ಮೇಲೆ "ಬರ್ತೀನಿ ಅಕ್ಕ" ಅಂದುಬಿಟ್ಟೆ.

ಅಕ್ಕ ಗಾಬರಿಯಾಗಿ ಎದ್ದು ಬಂದರು. "ಅಯ್ಯೋ, ಇಲ್ಲಿ ಅಂಗನ್ಬಾರ್ದು ಕಣ್ರವ್ವ. ಸುಮ್ನೆ ಎದ್ದೋಗ್ಬುಡಿ. ನಾನೂ ಓಗ್ಬನ್ನಿ ಅನ್ನಲ್ಲ, ಬೇಜಾರ್ ಮಾಡ್ಕೋಬೇಡಿ."

ನಾನು ಹೇಳದೆ ಹೊರಟೆ. ಆಮೇಲೆ ತಪಾಸಣೆಯ ನೆಪದಲ್ಲಿ ಎಷ್ಟೋ ಸಲ ಹೋದೆ. ನಿಜ ಹೇಳಬೇಕೆಂದರೆ ಆ ಆಫೀಸಿನಲ್ಲಿ ಮಾತಾಡಲು ಇದ್ದ ಒಂದೇ ಒಳ್ಳೆಯ ಜೀವ ಆಫೀಸಿನ ಹೊರಗಿತ್ತು. ಎದುರು ಹೋಟೆಲಿನವರು ತಮ್ಮ ಲೋಟವನ್ನು ಆ ಅಂಗಡಿಗೆ ಕಳಿಸುತ್ತಿರಲಿಲ್ಲ. ಅಕ್ಕ ತಮ್ಮಷ್ಟಕ್ಕೆ ಸೀಮೆಎಣ್ಣೆ ಸ್ಟೌವಿನಲ್ಲಿ ಕಾಫಿ ಕಾಯಿಸಿಕೊಳ್ಳುತ್ತಿದ್ದರು. ಬಂದವರಿಗೆ ಕೊಡುತ್ತಿರಲಿಲ್ಲ, ಯಾರೂ ಕುಡಿಯುವುದಿಲ್ಲವೆಂದು. ಒಂದು ದಿನ ನಾನೇ ಕೇಳಿದೆ. ಅಕ್ಕ ಲೋಟವನ್ನು ತೊಳೆದದ್ದೇ ತೊಳೆದದ್ದು. ಅಷ್ಟು ಒಳ್ಳೆಯ ಕಾಫಿ ನಾನು ಎಲ್ಲೂ ಕುಡಿದಿಲ್ಲ.

ಕಾಫಿ ಕುಡಿಯುತ್ತಾ ನೋಡಿದರೆ ಮೂಲೆಯಲ್ಲಿ ಎರಡು ಬಿದಿರು ಬೇರೆಯಾಗಿ ನಿಂತಿದ್ದವು, ಎಣ್ಣೆ ಸವರಿ ಬಟ್ಟೆ ಸುತ್ತಿದ್ದವು. "ಇದ್ಯಾಕೆ ಹೀಗೆ?" ಅಂದೆ. "ಅದು ಏಳಿಟ್ಟಿರಾದು. ಮಾರಕಿಲ್ಲ" ಅಂದರು. ಯಾರು ಹೇಳಿಟ್ಟದ್ದು ಅಂತ ನಾನು ಕೇಳಲಿಲ್ಲ.

ಹೇಳದೆ ಎದ್ದು ಹೋಗುವುದು ಎಷ್ಟು ರೂಢಿಯಾಯಿತೆಂದರೆ, ಒಂದು ನಾಮಕರಣದ ಮನೆಯಲ್ಲಿ ಹೊಟ್ಟೆ ತುಂಬ ಊಟ ಮಾಡಿ, ಕೈ ತೊಳೆದು, ಯಾರಿಗೂ ಒಂದು ಮಾತು ಹೇಳದೆ ತಲೆ ತಗ್ಗಿಸಿ ಹೊರಟುಬಿಟ್ಟೆ. ಮಗುವಿನ ಅಜ್ಜಿ ಬೀದಿಯ ತಿರುವಿನವರೆಗೂ ಓಡಿಬಂದು ಹಿಡಿದರು. "ಯಾಕವ್ವ, ಸಾವಿನ್ ಮನೆಯಿಂದ ಎದ್ದೋದಂಗೆ ಓದೆ? ಏನ್ ಕಮ್ಮಿ ಮಾಡುದ್ವಿ ನಿಂಗೆ?" ಅವರ ಸಮಾಧಾನಕ್ಕೆ ವಾಪಸು ಹೋಗಿ, ಇನ್ನೊಂದು ಹೋಳಿಗೆ ತಿಂದು, ಮನೆಮಂದಿಗೆಲ್ಲ ಒಬ್ಬೊಬ್ಬರಿಗೂ "ಬರ್ತೀನಿ" ಹೇಳಿ ಬರಬೇಕಾಯಿತು.

ಕ್ಯಾತನಹಳ್ಳಿಯಲ್ಲಿ

ಆ ವರ್ಷವೇ ನನ್ನ ತವರು ಕ್ಯಾತನಹಳ್ಳಿಯಲ್ಲಿ ನಮ್ಮಪ್ಪ ತೀರಿಕೊಂಡರು. ನಾನು ಆಫೀಸಿಗೆ ಹೇಳಿ ಕಳಿಸಿದ್ದೆನೇ ಹೊರತು ಅಕ್ಕನಿಗೆ ಹೇಳಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅಕ್ಕ ಅಂಗಡಿಗೆ ಬಾಗಿಲು ಹಾಕಿ, ಬಿದಿರನ್ನು ಬಸ್ಸಿನ ಮೇಲೆ ಹಾಕಿಸಿ, ಮಡಕೆಯನ್ನು ಮಡಿಲಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ಬಂದಿದ್ದರು. ಬಸ್ಸಿನವರು ಪಕ್ಕದ ಸೀಟಿಗೆ ಯಾರನ್ನೂ ಕೂರಿಸಲಿಲ್ಲವಂತೆ. "ರಾಣಿ ಬಂದಂಗ್ ಬಂದೆ" ಅಂದರು.

ನಮ್ಮ ಅಣ್ಣಂದಿರು, ಚಿಕ್ಕಪ್ಪಂದಿರು ಗದ್ದೆಯ ಯಾವ ಕಡೆ ಗುಂಡಿ ತೋಡುವುದೆಂದು ಕೂಗಾಡುತ್ತಿದ್ದರು. ಅಕ್ಕ ಯಾವುದಕ್ಕೂ ತಲೆ ಹಾಕಲಿಲ್ಲ. ಹೊಂಗೆ ಮರದ ಕೆಳಗೆ ಕೂತು, ಮನೆಯವರಿಗಾಗಿ ಕಟ್ಟುವ ಹಾಗೆ ನಮ್ಮಪ್ಪನ ಚಟ್ಟ ಕಟ್ಟಿದರು. ಆಮೇಲೆ ಬಂದು ನನ್ನ ಪಕ್ಕ ಕೂತರು. ನನಗೆ ಬೆಳಗಿನಿಂದ ಅಳು ಬಂದಿರಲಿಲ್ಲ. ಅಕ್ಕ ನನ್ನ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಅಂದರು: "ದೂರಿನ್ ಪುಸ್ತಕ ತರಾದ್ ಮರ್ತ್ಬುಟ್ಟೆ ಕಣವ್ವ. ನಿಮ್ಮಪ್ಪಾರು ಏನೂ ಅಂದ್ಕೋಬಾರ್ದು."

ನನಗೆ ನಗು ಉಕ್ಕಿತು. ಸೆರಗು ಬಾಯಿಗೆ ಒತ್ತಿಕೊಂಡೆ, ಭುಜ ಕುಲುಕಿತು. ನಗುತ್ತಾ ನಗುತ್ತಾ ಅಳು ಬಂತು, ಬಂದದ್ದು ನಿಲ್ಲಲಿಲ್ಲ. ಆ ಒಂದು ಮಾತಿಗೆ ನಾನು ಜನ್ಮವೆಲ್ಲ ಋಣಿ. ನಮ್ಮ ಸೋದರತ್ತೆ ದೂರದಿಂದ ನೋಡಿ ಪಕ್ಕದವರಿಗೆ ಹೇಳಿದರಂತೆ, "ನೋಡು, ಗಂಡುಮಕ್ಳು ಜಗ್ಳ ಆಡ್ತಾವ್ರೆ. ಅಳಾದು ಅಂದ್ರೆ ಅವ್ಳು ಅಳಾದು."

ಅರ್ಧ ಪ್ಲೇಟ್ ಇಡ್ಲಿ

ವಾಪಸು ಬಂದ ಮೇಲೆ ಅಕ್ಕನ ಅಂಗಡಿ ಉಳಿಸಲೇಬೇಕೆಂದು ಹಟ ಹಿಡಿದೆ. ಮುಚ್ಚದಿದ್ದರೆ ಊರಾಚೆಗಾದರೂ ಹೋಗಲಿ ಎಂದು ಹೋಟೆಲ್ ಯಜಮಾನರು ಪಟ್ಟು ಹಿಡಿದಿದ್ದರು. ಊರಾಚೆ ಹೋದರೆ ಅಕ್ಕನ ಬದುಕು ಮುಗಿದ ಹಾಗೆ. ಸಾವಿನ ಮನೆಯ ಗಾಬರಿಯಲ್ಲಿ ಯಾರು ಅಷ್ಟು ದೂರ ಹುಡುಕಿಕೊಂಡು ಹೋಗುತ್ತಾರೆ?

ಚಟ್ಟ ನೋಡಿ ಜನ ನಿಜವಾಗಿಯೂ ಕಡಿಮೆ ತಿನ್ನುತ್ತಾರೆಯೇ ಎಂದು ನೋಡಲು ಒಂದು ಬೆಳಿಗ್ಗೆ ಹೋಟೆಲಿನಲ್ಲೇ ಕೂತೆ. ಒಬ್ಬರು ಅರ್ಧ ಪ್ಲೇಟ್ ಕೇಳಿದರು. ಯಜಮಾನರು "ನೋಡಿದ್ರಾ" ಎನ್ನುವಂತೆ ನನ್ನ ಕಡೆ ನೋಡಿದರು. ಅಷ್ಟರಲ್ಲಿ ಹಳ್ಳಿಯ ಕಡೆಯಿಂದ ಒಂದು ಟ್ರಾಕ್ಟರ್ ಬಂತು. ಬಂದವರು ಅಕ್ಕನ ಅಂಗಡಿಯಲ್ಲಿ ಸಾಮಾನು ಹೇಳಿ, ಅವರು ಕಟ್ಟಿಕೊಡುವವರೆಗೆ ನೇರ ಹೋಟೆಲಿಗೆ ನುಗ್ಗಿದರು. ಸಾವಿನ ಮನೆಯಲ್ಲಿ ಹೆಣ ಎತ್ತುವವರೆಗೂ ಒಲೆ ಹಚ್ಚುವುದಿಲ್ಲ. ಅವರಿಗೆ ಹಸಿವು. ಮನೆಯಲ್ಲಿ ಕಾದಿರುವ ನೆಂಟರಿಗೂ ಹಸಿವು. ಒಲೆಯ ಮೇಲಿದ್ದ ಇಡ್ಲಿ, ಪಾತ್ರೆಯಲ್ಲಿದ್ದ ಉಪ್ಪಿಟ್ಟು, ಚಟ್ನಿ ಎಲ್ಲ ಎಲೆಯಲ್ಲಿ ಕಟ್ಟಿಸಿಕೊಂಡು ಹೋದರು. ಹೋಟೆಲಿನಲ್ಲಿ ಉಳಿದದ್ದು ನಾನು ಮತ್ತು ಆ ಅರ್ಧ ಪ್ಲೇಟ್.

"ಯಜಮಾನ್ರೇ, ಅಕ್ಕನ ಅಂಗಡಿ ಹೋದರೆ ನಿಮ್ಮ ಹೋಟೆಲ್ ನಡೆಯುತ್ತಾ?" ಅಂದೆ.

"ಅದು ಬ್ಯಾರೆ ಯಾಪಾರ" ಅಂದರು.

ಮೂಲೆಯ ಬಿದಿರು

ಕೊನೆಗೆ ಮುಖ್ಯಾಧಿಕಾರಿಗಳೇ ಸ್ಥಳಕ್ಕೆ ಬಂದರು. ಬೀದಿಯ ನಡುವೆ ನಿಂತರು. ಒಂದು ಕಡೆ ಅಂಗಡಿ, ಒಂದು ಕಡೆ ಹೋಟೆಲ್. ಹೋಟೆಲ್ ಯಜಮಾನರು ಕೈ ಬೀಸಿ ಬೀಸಿ ಮಾತಾಡಿದರು. ಅಕ್ಕ ಕಟ್ಟುತ್ತಿದ್ದ ಹಗ್ಗವನ್ನು ಕೈಗೆ ಸುತ್ತುತ್ತಾ ಬಿಚ್ಚುತ್ತಾ ನಿಂತಿದ್ದರು. ಮುಖ್ಯಾಧಿಕಾರಿಗಳು, "ಪಟ್ಟಿಯಲ್ಲಿಲ್ಲ, ದೂರು ಬೇರೆ ಇದೆ. ನಾನೇನು ಮಾಡಲಿ ಹೇಳಮ್ಮ" ಎಂದು ನನ್ನನ್ನು ಕೇಳಿದರು. ಮುಚ್ಚಿಸುವ ಮನಸ್ಸು ಮಾಡಿದ್ದಾರೆ ಅನ್ನಿಸಿತು ನನಗೆ.

ಆಗ ಹೋಟೆಲಿನ ಒಳಗಿಂದ ಕೋಲೂರಿಕೊಂಡು ಯಜಮಾನರ ತಾಯಿ ಬಂದರು. ಬೆನ್ನು ಬಾಗಿತ್ತು. ಗಂಟಲಿಗೆ ಮಾತ್ರ ಏನೂ ಆಗಿರಲಿಲ್ಲ.

"ನೀವೇನಪ್ಪ ಆಫೀಸ್ರು? ಈ ಅಂಗ್ಡಿ ಮುಚ್ಸಕ್ಕೆ ಬಂದಿದ್ದೀರಂತೆ."

"ನಿಮ್ಮ ಮಗನೇ ಅಜ್ಜಿ ಅರ್ಜಿ ಕೊಟ್ಟಿರೋದು."

"ಅವುನ್ಗೇನ್ ಗೊತ್ತು. ಚಿಕ್ಕುಡ್ಗ" ಅಂದರು ಅಜ್ಜಿ. ಚಿಕ್ಕ ಹುಡುಗನ ತಲೆ ಪೂರ್ತಿ ನೆರೆತಿತ್ತು. "ಅಲ್ನೋಡಿ, ಮೂಲೇಲಿ. ಬಟ್ಟೆ ಸುತ್ತಿ ನಿಲ್ಸವ್ರಲ್ಲ, ಆ ಬಿದ್ರು ನಂದು. ನಾನೇ ಬಂದು ತಟ್ಟಿ ನೋಡಿ ಆರ್ಸಿ ಇಡ್ಸಿವ್ನಿ."

"ಅವ್ವ, ಎಂತಾ ಮಾತಾಡೀಯೆ. ನಡಿ ಒಳೀಕೆ" ಅಂದರು ಮಗ.

"ಸುಮ್ನಿರ್ಲಾ. ನಿಮ್ಮಪ್ಪ ಓದಾಗ ನೀನು ತಲೆ ಮೇಲ್ ಕೈ ಒತ್ಕೊಂಡ್ ಕೂತಿದ್ದೆ. ಇವ್ಳ ಗಂಡ ಕರೀದೇನೆ ಬಂದು, ಎಲ್ಲಾನು ಕಟ್ಟಿ, ಎಗ್ಲೂ ಕೊಟ್ಟ. ನೀನ್ ಮರ್ತಿರ್ಬೋದು, ನಾನ್ ಮರ್ತಿಲ್ಲ." ಅಜ್ಜಿ ಒಂದು ಗಳಿಗೆ ಸುಧಾರಿಸಿಕೊಂಡರು. "ಈಗ ಇಂಗ್ ಮಾಡು. ಅಂಗ್ಡಿ ಮುಚ್ಸು. ನನ್ ಟೈಮ್ ಬಂದಾಗ ನೀನೇ ಮೈಸೂರ್ಗೋಗಿ ಎಲ್ಲಾ ತಕ್ಕೊಂಡ್ ಬಾ. ನೀನ್ ಬರೋಗಂಟ ನಾನು ಸಾಯ್ದೆ ಕಾಯ್ತಾ ಇರ್ತೀನಿ. ಇನ್ನೇನ್ ಮಾಡಾದು."

ಬೀದಿಯಲ್ಲಿ ನಿಂತವರೆಲ್ಲ ನೆಲ ನೋಡಿದರು. ಯಜಮಾನರ ಮುಖ ಕೆಂಪಾಯಿತು. ಸೀದಾ ಒಳಗೆ ಹೋದರು. ಬಂದಾಗ ಅವರ ಕೈಯಲ್ಲಿ ಒಂದು ಲೋಟ ಕಾಫಿ ಇತ್ತು. ಹೋಟೆಲಿನದೇ ಸ್ಟೀಲ್ ಲೋಟ. ಬೀದಿ ದಾಟಿ ಹೋಗಿ ಅದನ್ನು ಅಕ್ಕನ ಬೆಂಚಿನ ಮೇಲೆ ಇಟ್ಟರು.

"ದೂರು ವಾಪಸ್ ತಕ್ಕೊಂಡೆ ಸಾರ್" ಅಂದರು.

ಮುಖ್ಯಾಧಿಕಾರಿಗಳು ಆ ಹಪ್ಪಳದಂಥ ಕಡತವನ್ನು ಹೋಟೆಲಿನ ಮೇಜಿನ ಮೇಲೆ ಇಟ್ಟು, "ಬಿದಿರು, ಮಡಕೆ ಹಾಗೂ ಇತರೆ" ಎಂದು ಬರೆದು ಸಹಿ ಹಾಕಿದರು. ಅಕ್ಕ ಕಾಫಿ ಕುಡಿಯಲು ಹೋದರೆ ಕಣ್ಣೀರು ಲೋಟಕ್ಕೇ ಬೀಳುತ್ತಿತ್ತು. ನನಗೂ ಅಷ್ಟೇ. ಆ ಅಜ್ಜಿಯ ಕಾಲಿಗೆ ಅಲ್ಲೇ ಬೀಳೋಣ ಅನ್ನಿಸಿತು.

ಅಜ್ಜಿ ಮಾತ್ರ ಅಂಗಡಿಯೊಳಕ್ಕೆ ಹೋಗಿ, ಮೂಲೆಯ ಬಿದಿರನ್ನು ಬೆರಳಿಂದ ಕುಟ್ಟಿ ನೋಡಿ, ಹುಳ ಬಿದ್ದಿಲ್ಲವೆಂದು ಖಾತ್ರಿ ಮಾಡಿಕೊಂಡು ಹೊರಕ್ಕೆ ಬಂದರು. ಹೊಸಿಲ ಹತ್ತಿರ ನಿಂತು, ಇಡೀ ಬೀದಿಗೆ ಕೇಳುವ ಹಾಗೆ ಅಂದರು:

"ಬರ್ತೀನಿ ಕಣೇ ಮಗ."

ನಾವೆಲ್ಲ ಬೆಚ್ಚಿಬಿದ್ದೆವು. ಆ ಅಂಗಡಿಯಲ್ಲಿ ಆ ಮಾತನ್ನು ಬೇಕೆಂದೇ ಆಡಿದವರು ಅವರೊಬ್ಬರೇ. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದು ನಿಂತರು.

"ಅವಸ್ರ ಏನಿಲ್ಲ, ನಿದಾನುಕ್ ಬಾರವ್ವ. ಲೈಸೆನ್ಸು ವರ್ಸ ವರ್ಸ ರಿನೀವಲ್ ಆಯ್ತದಂತೆ."